ಕಣ್ಣಳತೆ

ವಾಸ್ಕೋಗೆ ಕಲ್ಲಿದ್ದಲು ಹಡಗು ಬಂದ ದಿನ
ಹಾಜರಿ ಪುಸ್ತಕದ ಮೇಲೂ ಒಂದು ಪದರ ಕಪ್ಪು.
ಅಂಗೈಯಲ್ಲಿ ಒರೆಸಿ ಹೆಸರು ಕೂಗುತ್ತೇನೆ.
ಯಮುನಾ ಲಮಾಣಿ ‘ಹಾಜರ್’ ಅನ್ನುವುದಿಲ್ಲ,
‘ಒಂಬತ್ತು ಮಂದಿ ಬಂದಿಲ್ಲರೀ’ ಅನ್ನುತ್ತಾಳೆ,
ನಾನು ಎಣಿಸುವ ಮೊದಲೇ.

ಏಳನೆಯ ತರಗತಿ. ಹತ್ತನೆಯದರ ಲೆಕ್ಕ
ಬಸ್ ಟಿಕೆಟ್ಟಿನ ಬೆನ್ನ ಮೇಲೆ ಬಿಡಿಸಿ ಎಸೆಯುತ್ತಾಳೆ.
ಕಂತ್ರಾಟುದಾರ ಅಪ್ಪನ ಮೂರು ದಿನದ ಕೂಲಿ ನುಂಗಿದ್ದನ್ನು
ಅವನೆದುರಿಗೇ ಪೈಸೆಯವರೆಗೆ ಕೂಡಿ ತೋರಿಸಿದವಳು;
ಆಮೇಲೆ ಅಪ್ಪನಿಗೆ ಒಂದು ವಾರ ಕೆಲಸವಿರಲಿಲ್ಲ.
ಊಟದ ಬಿಡುವಿನಲ್ಲಿ ಅವಳ ಪಕ್ಕದ ಕಟ್ಟೆ ಖಾಲಿ.
‘ಅವರ ಮಾತು ಮುಗಿಯೂದರಾಗ
ನನಗ ಮುಗಿದಿರ್ತೈತ್ರಿ,’ ಅಂದಳು ಒಮ್ಮೆ,
ದೂರಲ್ಲ, ಹವಾಮಾನ ಹೇಳಿದ ಹಾಗೆ.

ಇವಳಿಗೆ ಇನ್ನಷ್ಟು ಲೆಕ್ಕ ಕೊಡಿ ಅಂದರು ಹೆಡ್‌ಮಾಸ್ತರು.
ನನ್ನ ಬಳಿ ಇದ್ದದ್ದು ಬೆನ್ನು ಹರಿದ ಒಂದು ಕತೆಪುಸ್ತಕ.

ಕತೆ ಇಷ್ಟೇ: ಪೇಟೆಯಲ್ಲಿ ಒಬ್ಬ.
ತಕ್ಕಡಿ ಬೇಡ ಅವನಿಗೆ, ನೋಡಿದರೆ ಸಾಕು,
ಬೆಲ್ಲ ಎಷ್ಟು ಸೇರು, ಬಳೆಯಲ್ಲಿ ತಾಮ್ರ ಎಷ್ಟು ಗುಂಜಿ.
ಮದುವೆ ಮನೆಯಲ್ಲಿ ತಾಳಿಯ ತೂಕ
ಗಟ್ಟಿಯಾಗಿ ಹೇಳಿಬಿಟ್ಟ.
ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದರು.
ರಾತ್ರಿ ಮನೆಗೆ ಬಂದು ಅಪ್ಪನ ಕಾಲದ ತಕ್ಕಡಿ ಕೆಳಗಿಳಿಸಿ
ಖಾಲಿ ತಟ್ಟೆಗಳ ಮುಂದೆ ಕೂತ.
ಮುಂದಿನ ಹಾಳೆ ಗೆದ್ದಲಿಗೆ ಹೋಗಿತ್ತು.

‘ಅಂವಂದೇನ್ರಿ ತಪ್ಪು? ಖರೇನ ಹೇಳ್ಯಾನ.’
ಯಮುನಾ. ಕೈ ಎತ್ತದೆ.
ತಪ್ಪೆಂದು ನಾನೂ ಅನ್ನಲಿಲ್ಲ.
ಕತೆ ಮುಗಿಸಿ ನೀತಿ ಹೇಳುವ ಚಟ
ಹೋದ ವರ್ಷವೇ ಬಿಟ್ಟಿದ್ದೇನೆ.

ಆಗ ಕೊನೆಯ ಸಾಲಿನ ಮಾಬೂಬ,
ಬೆಳಗಿನ ಐದಕ್ಕೆ ಜೆಟ್ಟಿಯಲ್ಲಿ ಮೀನಿನ ಬುಟ್ಟಿ ಹೊತ್ತು ಬರುವವ,
ಒಂದು ಪದ ಓದಲು ಇಡೀ ಬೆರಳು ಬೇಕು ಅವನಿಗೆ:
‘ಅಂವ ಆ ರಾತ್ರಿ ಉಂಡಿದ್ದನೇನ್ರಿ ಟೀಚರ್?’

ಯಾರೋ ನಕ್ಕರು. ಯಮುನಾ ನಗಲಿಲ್ಲ.
ಮೊದಲ ಸಲ ಅವಳಿಗಿಂತ ಮುಂಚೆ
ಇನ್ನೊಬ್ಬರು ಎಲ್ಲಿಗೋ ತಲುಪಿದ್ದರು.
ತಿರುಗಿ ಅವನನ್ನೇ ನೋಡಿದಳು, ತುಂಬಾ ಹೊತ್ತು,
ತಾಳೆಯಾಗದ ಲೆಕ್ಕವನ್ನು ನೋಡುವ ಹಾಗೆ.
ಪುಸ್ತಕ ಮನೆಗೆ ಬೇಕೆಂದಳು.

ವಾಪಸ್ ಬಂದಾಗ ಗೆದ್ದಲು ತಿಂದ ಹಾಳೆಯ ಜಾಗದಲ್ಲಿ
ಲೆಕ್ಕದ ನೋಟಿನ ಚೌಕುಳಿ ಕಾಗದ, ನಾಲ್ಕೇ ಸಾಲು:

ಅವನು ಒಂದು ತಟ್ಟೆಯಲ್ಲಿ ರೊಟ್ಟಿ ಇಟ್ಟ.
ಇನ್ನೊಂದರಲ್ಲಿ ಏನೂ ಇಡಲಿಲ್ಲ.
ಎಷ್ಟು ತೂಗುತ್ತದೆಂದು ಅವನಿಗೆ ಗೊತ್ತಿತ್ತು.
ಯಾರಾದರೂ ಬಂದು ಕೇಳಲಿ ಅಂತ ಸುಮ್ಮನಿದ್ದ.

ಕೊನೆಯ ಪದವನ್ನು ಎರಡು ಸಲ ಹೊಡೆದು ಬರೆದಿದ್ದಳು.
ಅವಳು ಏನನ್ನಾದರೂ ಹೊಡೆದು ಬರೆದದ್ದನ್ನು
ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬದಲಾದಳೆಂದು ಹೇಳಲಾರೆ.
ಇವತ್ತೂ ಹಲಗೆಯ ಮೇಲೆ ನನ್ನ ತಪ್ಪು ಹಿಡಿದಳು.
ಕಂತ್ರಾಟುದಾರನ ಬಾಕಿಯ ಚೀಟಿ ಇನ್ನೂ ಅವಳ ಕಂಪಾಸು ಪೆಟ್ಟಿಗೆಯಲ್ಲಿದೆ;
ಇರಲಿ, ಅದು ಸರಿಯಾದ ಲೆಕ್ಕ.
ಬಿಡುವಿನಲ್ಲಿ ಕಟ್ಟೆಯ ಮೇಲೆ ಮಾಬೂಬ
ಬೆರಳಿಟ್ಟು ಒಂದೇ ಸಾಲು ಎಳೆಯುತ್ತಿದ್ದ.
ಮುಂದಿನ ಪದ ಅವಳ ನಾಲಿಗೆಯ ತುದಿಗೆ ಬಂದದ್ದು
ನನಗೆ ಇಲ್ಲಿಂದಲೇ ಕಾಣಿಸಿತು.
ಅವಳು ತುಟಿ ಬಿಗಿದು,
ಗೋಡೆಯಾಚೆ ಬಂದರಿನ ಕ್ರೇನು
ನಿಧಾನ ಬಾಗುವುದನ್ನು ನೋಡುತ್ತ
ಕಾದಳು.