ಕಾಗೆಬಂಗಾರ

ರಸೀದಿಯ ತುದಿಯಲ್ಲೊಂದು ಹೊಸ ಸಾಲು ಬಂದಿದೆ:
ಕಾಂಕ್ರೀಟ್ ಸುಂಕ, ನೂರಕ್ಕೆ ಐದು.
ನಾನು ಬರೆದದ್ದಲ್ಲ. ಯಂತ್ರ ಉಗುಳುತ್ತದೆ,
ಹರಿದು ಕೊಡುವುದಷ್ಟೇ ನನ್ನ ಕೆಲಸ.

ಮೊದಲ ವಾರ ಎಲ್ಲರೂ ಬೈದರು.
ಆಮೇಲೆ ಬೈಯುವುದೂ ಸಾಕಾಗಿ
ಗಾಳಿಯ ಮಾತು, ಮೀನಿನ ಮಾತು.

ಇವತ್ತು ಯೂನನ್ ಬಂದ. ನಲವತ್ತು ಬ್ಲಾಕು ಬೇಕು,
ಕೋಳಿಗೂಡಿಗೆ.
ಅವನ ಮನೆ ಬಲ್ಲೆ. ಇನಿಶೋವೆನ್‌ನ ತುದಿಗೆ,
ಕಡಲಿಗೆ ಮುಖಮಾಡಿದ್ದು.
ಉತ್ತರದ ಗೋಡೆಯ ಬಿರುಕಿನೊಳಗೆ ಅಂಗೈ ಹೋಗುತ್ತದೆ.
ಗಾಳಿ ಎದ್ದ ರಾತ್ರಿ ಡಿಂಪ್ನಾ ಮಕ್ಕಳ ಮಂಚವನ್ನು
ನಡುಮನೆಗೆ ಎಳೆದು ತರುತ್ತಾಳೆ.
ಚಮಚದಲ್ಲಿ ಕೆರೆದರೆ ಬರುತ್ತದೆ ಗೋಡೆ,
ಚಹಾದಲ್ಲಿ ಅದ್ದಿ ಮರೆತ ಬಿಸ್ಕತ್ತಿನ ಹಾಗೆ.

ಕೊರೆದು ಒಯ್ದವರು ಕಾಗದ ಕಳಿಸಿದರು:
ಅಭ್ರಕ.
ಕಲ್ಲಿನೊಳಗಿನ ಕಾಗೆಬಂಗಾರ
ನೀರು ಕುಡಿದು, ಹಿಮ ಕುಡಿದು,
ಇಪ್ಪತ್ತು ವರ್ಷ ಸುಮ್ಮನಿದ್ದು.

ದುಡ್ಡು ಎಣಿಸುತ್ತ ಕೇಳಿದ,
"ಈ ಐದು ಯಾರ ಮನೆಗೆ?"
"ಸರ್ಕಾರಕ್ಕೆ. ಅಲ್ಲಿಂದ ಬಿರಿದ ಮನೆಗಳಿಗೆ."
"ಅಂದರೆ ನನಗೇ."
"ನಿನ್ನ ಸರದಿ ಬಂದಾಗ."
"ಹಾಗಾದರೆ ಇಲ್ಲೇ ಜೇಬಿಗೆ ಹಾಕಿಕೊಳ್ಳಲಾ?"
ನಕ್ಕ. ನಾನೂ ನಕ್ಕೆ. ಹಿಂದೆ ನಿಂತವರೂ.
ನಕ್ಕು ಮುಗಿದ ಮೇಲೆ ಅಂಗಡಿ ತುಸು ದೊಡ್ಡದಾಯಿತು.

ಅವನಿಗೆ ಹೇಳದ್ದೊಂದಿದೆ.
ಅವನ ಬ್ಲಾಕು ಹೊತ್ತ ಲಾರಿ ನನ್ನಪ್ಪನದು.
ಕ್ವಾರಿಯಿಂದ ದಿನಕ್ಕೆ ಆರು ಟ್ರಿಪ್ಪು, ಭಾನುವಾರವೂ;
ಊರಿಗೂರೇ ಮನೆ ಕಟ್ಟುವ ಹುಚ್ಚು ಹಿಡಿದ ಕಾಲ.
ಸಂಜೆ ಬಂದರೆ ಹುಬ್ಬಿನಲ್ಲಿ, ತೋಳಿನ ಕೂದಲಲ್ಲಿ
ಚೂರುಚೂರು ಹೊಳಪು.
ಅಮ್ಮ ಒದ್ದೆಬಟ್ಟೆ ಹಿಂಡುತ್ತ
"ಬಂದರು ಮಹಾರಾಜರು" ಅನ್ನುತ್ತಿದ್ದಳು.
ನಾನು ಅವನ ಕೋಟು ಕೊಡವಿ, ಬಿದ್ದದ್ದನ್ನು
ಬೆಂಕಿಪೊಟ್ಟಣದಲ್ಲಿ ಕೂಡಿಟ್ಟಿದ್ದೆ.

ಅವನಿಗೇನು ಗೊತ್ತಿತ್ತು.
ಗೊತ್ತಿತ್ತೇ?
ಕೊನೆಯ ತಿಂಗಳು ಆಸ್ಪತ್ರೆಯಲ್ಲಿ ಮನೆ ಎಣಿಸುತ್ತಿದ್ದ,
ತಿರುವು ತಿರುವಿಗೆ ಹೆಸರು ಹೇಳಿ.
ಇಪ್ಪತ್ತೇಳರ ಹತ್ತಿರ ಲೆಕ್ಕ ತಪ್ಪಿ
ಮತ್ತೆ ಮೊದಲಿನಿಂದ.

ಗೋರಿಕಲ್ಲು ನಿಲ್ಲಿಸಲು ಅಡಿಗೆ
ಅರ್ಧ ಗಾಡಿ ಕಾಂಕ್ರೀಟು ಬೇಕಾಯಿತು.
ರಸೀದಿ ನಾನೇ ಹರಿದುಕೊಂಡೆ.
ಆ ಸಾಲು ಅಲ್ಲೂ ಇತ್ತು:
ಹನ್ನೊಂದು ಯೂರೋ, ನಲವತ್ತು ಸೆಂಟು.
ಅಪ್ಪಾ, ನಿನ್ನ ಕಡೆಯಿಂದ ಅಷ್ಟು ಸಂದಿತು.

ಹೊರಗೆ ಯೂನನ್ ಬ್ಲಾಕು ತುಂಬುತ್ತಿದ್ದಾನೆ.
ಒಂದೊಂದನ್ನೂ ಎತ್ತಿ, ಬೆರಳಗೆಣ್ಣಿನಿಂದ ಬಡಿದು,
ಕಿವಿಗೊಟ್ಟು ಕೇಳುತ್ತಾನೆ,
ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ.
ಹಿಂದೆ ಮೂರು ಟ್ರೇಲರು ಕಾಯುತ್ತಿವೆ.
ಯಾರೂ ಹಾರ್ನು ಒತ್ತುತ್ತಿಲ್ಲ.

ಮೂವತ್ತೊಂದನೆಯದನ್ನು
ಎರಡು ಸಲ ಬಡಿದ.
ಪಕ್ಕಕ್ಕಿಟ್ಟ.