ಅರ್ಧ ಕ್ಷೌರ

ಕನ್ನಡಿಯಲ್ಲಿ ಅವರ ಎತ್ತಿದ ಬಲಗೈ ಎಡಗೈ.
ಜೋಂಬಾ ಪೇಟೆಯ ನನ್ನ ಈ ತಗಡಿನ ಅಂಗಡಿಯಲ್ಲಿ
ಕುರ್ಚಿಗೆ ಕೂತವರ ಬೆನ್ನ ಹಿಂದೆ, ಗೋಡೆಯ ಮೇಲೆ, ಅವರು.
ಹಾಗಾಗಿ ಎಲ್ಲರೂ ಅವರನ್ನು ಬೈಯುವುದು
ಮುಖ ನೋಡಿಯೇ, ಆದರೆ ಬೆನ್ನು ಹಾಕಿ.

ನಾನು ಮಸೌಕೊ. ಜನರ ಕಿವಿಯ ಹತ್ತಿರ ಕೆಲಸ ನನ್ನದು,
ಆದರೂ ಕೇಳಿಸಿಕೊಳ್ಳುವವನು ನಾನೇ.
ಎಣ್ಣೆ ಈಗ ಔಷಧಿ ಶೀಷೆಯಲ್ಲಿ, ಸಕ್ಕರೆ ಚಿಟಿಕೆ ಪೊಟ್ಟಣದಲ್ಲಿ.
ಜೋಳದ ಹಿಟ್ಟಿನ ಬೆಲೆ ಕೇಳಿದ ಮೇಲೆ
ಚೀಲ ಮಡಚಿ ಕಂಕುಳಲ್ಲಿಟ್ಟು ವಾಪಸು ಬಂದವರೆಷ್ಟೋ.
ಟೀಚರಮ್ಮ ತಿಯಾಮಿಕೆ ಮಗನ ತಲೆ ಬಗ್ಗಿಸಿ ಹಿಡಿದು
ಸಣ್ಣಗೆ ತೆಗಿ, ಇನ್ನೂ ಸಣ್ಣಗೆ, ಅಂದರು,
ಮುಂದಿನದು ಡಿಸೆಂಬರಿಗೇ.
ತಿಂಗಳಿಗೊಮ್ಮೆ ಬರುತ್ತಿದ್ದ ತಲೆ ಅದು.

ರೇಡಿಯೋದಲ್ಲಿ ಅವರು: ಸ್ವಲ್ಪ ಸಹನೆ ಇರಲಿ.
ಚಂಡಮಾರುತ, ದೂರದ ಯುದ್ಧ, ಹಿಂದಿನವರು ಬಿಟ್ಟುಹೋದ ಸಾಲ.
ಎಲ್ಲ ನಿಜವೇ ಇರಬಹುದು.
ನನ್ನ ಮೆಷಿನ್ನು ಯಾರದಾದರೂ ಕಿವಿ ಕಚ್ಚಿದರೆ
ನಾನೂ ಇನ್ನು ಗಾಳಿಯನ್ನೇ ದೂರುತ್ತೇನೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟು ಬೆಳೆಯುತ್ತದೆ.
ಅದೇ ನನ್ನ ಅನ್ನ.

ಗುರುವಾರ ಗೊಮೆಜ್‌ಗಾನಿ ಬಂದ, ಮಿನಿಬಸ್ಸಿನವ.
ಬಸ್ಸು ಡೀಸೆಲ್ ಸಾಲಿನಲ್ಲಿ, ನಲವತ್ತೊಂದನೆಯದು.
ಸಾಲು ಕದಲುವಷ್ಟರಲ್ಲಿ ಮುಗಿಸಿಬಿಡು ಮಾರಾಯ, ಅಂದ.
ಎಡಭಾಗ ಮುಗಿದಿತ್ತು. ನೆತ್ತಿಯ ನಡುವಿನ ತನಕ ಬಂದಿದ್ದೆ,
ಮೆಷಿನ್ನು ಗೊರ್ ಎಂದು ಬಾಯಿ ಮುಚ್ಚಿತು.
ಕರೆಂಟು.
ಕತ್ತರಿಗೆ ಬಗ್ಗುವ ಕೂದಲಲ್ಲ ನಮ್ಮದು.
ಕಾದೆವು. ಹೊರಗೆ ಹಾರ್ನು ಶುರುವಾಯಿತು, ಸಾಲು ಕದಲಿತು,
ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ
ಅರ್ಧ ತಲೆಯಲ್ಲಿ ಓಡಿದ.

ನಗು ಅಂದರೆ ಅದು!
ಉಸಿಪಾ ಮೀನಿನ ಹೆಂಗಸರು ಬುಟ್ಟಿ ಇಳಿಸಿ ನಕ್ಕರು,
ಖಾಲಿ ಕ್ಯಾನುಗಳನ್ನು ಡೋಲು ಬಡಿದಂತೆ ಬಡಿದರು ಹುಡುಗರು.
ಎಷ್ಟು ವಾರವಾಗಿತ್ತೋ ಆ ಸಾಲು ನಕ್ಕು.
ಯಾರೋ ಕೂಗಿದರು: ಯಾರಪ್ಪಾ ನಿನ್ನ ತಲೆ ಬೋಳಿಸಿದವರು?
ಗೊಮೆಜ್‌ಗಾನಿ ನನ್ನ ಅಂಗಡಿಯ ಕಡೆಗೇ ಬೆರಳು ತೋರಿಸಿದ,
ಆದರೆ ನನ್ನ ತಲೆಗಿಂತ ಒಂದು ಗೇಣು ಮೇಲಕ್ಕೆ.

ತೆರೆದ ಬಾಗಿಲು. ಒಳಗೆ ಗೋಡೆ.
ಎಲ್ಲರೂ ನೋಡಿದರು.
ನಗು ನನ್ನ ಮೆಷಿನ್ನಿನ ಹಾಗೆ ನಿಂತಿತು.
ಕ್ಯಾನು ಹಿಡಿದು ಅದೇ ಸಾಲಿನಲ್ಲಿದ್ದ ಪೊಲೀಸಿನವ
ಟೋಪಿ ತೆಗೆದು, ತನ್ನ ತಲೆ ಒಮ್ಮೆ ಸವರಿಕೊಂಡು,
ಮತ್ತೆ ಹಾಕಿಕೊಂಡ.

ಡೀಸೆಲ್ ಮೂವತ್ತೆಂಟನೆಯ ಗಾಡಿಗೆ ಮುಗಿಯಿತು.

ಸಂಜೆ ಬಂದು ಅದೇ ಕುರ್ಚಿಯಲ್ಲಿ ಕೂತ. ಕತ್ತಲೆ.
ಸುಮ್ಮನೆ ಮಾತಿಗೆ ಹೇಳಿದೆ:
ಆ ಚೌಕಟ್ಟು ನನ್ನಪ್ಪ ಕೊಂಡದ್ದು, ಗಟ್ಟಿ ಮರ.
ಹೊಸಬರು ಬಂದಾಗಲೆಲ್ಲ ಹಳೆಯ ಪಟದ ಮೇಲೇ ಹೊಸದು,
ತೆಗೆದು ಬಿಸಾಕುವ ಧೈರ್ಯ ನಮ್ಮ ಮನೆಯವರಿಗಿಲ್ಲ.
ಒಳಗೆ ಎಷ್ಟು ಜನ ಒತ್ತಿಕೊಂಡಿದ್ದಾರೋ,
ಹಿಂದಿನ ಮೊಳೆಗಳು ಈಗ ಮಡಚಿಕೊಳ್ಳುತ್ತಿಲ್ಲ.
ಉತ್ತರವಿಲ್ಲ. ನಿದ್ದೆ ಹೋಗಿದ್ದ.

ಒಂಬತ್ತರ ಮೇಲೆ ಕರೆಂಟು ಬಂತು.
ಎಬ್ಬಿಸದೆ ಉಳಿದರ್ಧ ಮುಗಿಸಿದೆ.
ಎದ್ದವನು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ, ಆಮೇಲೆ
ತನ್ನ ಭುಜದಾಚೆಯವರನ್ನು, ತುಂಬಾ ಹೊತ್ತು.
ಜೇಬಿನಿಂದ ಮುದುಡಿದ ಕ್ವಾಚಾ ನೋಟು ಎಣಿಸಿ
ಅರ್ಧದ ದುಡ್ಡು ಇಟ್ಟ.
ಇನ್ನರ್ಧ? ಅಂದೆ.
ಅವರ ಲೆಕ್ಕಕ್ಕೆ ಬರಿ, ಅಂದ.

ಬರೆದೆ. ಸೀಮೆಸುಣ್ಣದಲ್ಲಿ, ಚೌಕಟ್ಟಿನ ಕೆಳಗೆ, ಒಂದು ಗೆರೆ.
ಮಾತು ಸಾಲಿನಲ್ಲಿ ಹಬ್ಬಿತು.
ಇವತ್ತಿಗೆ ಅರುವತ್ತು ದಾಟಿವೆ;
ಟೀಚರಮ್ಮನದೊಂದು, ಮೀನಿನ ಹೆಂಗಸರ ಗಂಡಂದಿರವು,
ಟೋಪಿ ಮಡಿಲಲ್ಲಿಟ್ಟು ಕೂತು ಹೋದವನದೂ ಒಂದು.
ಸೀಮೆಸುಣ್ಣದ ಬೆಲೆಯೂ ಏರಿದೆ,
ಗೆರೆ ಸಣ್ಣದಾಗಿ ಎಳೆಯುತ್ತಿದ್ದೇನೆ.