ಚಿತ್ರ ಮೂರು, ಸಂಖ್ಯೆ ಇಲ್ಲದ ಭಾಗ

ಹಂಪನಕಟ್ಟೆಯಲ್ಲಿ, ಕನ್ನಡಕದಂಗಡಿಯ ಮಾಳಿಗೆ ಮೇಲೆ
ನನ್ನ ಮೇಜು. ನಾನು ಗೆರೆ ಎಳೆಯುವವ.
ಮನೆ ನಕ್ಷೆ, ಬಾವಿ ನಕ್ಷೆ, ಪಾಲಾದ ಜಾಗದ ನಕ್ಷೆ,
ಎರಡು ಮೂರು ವರ್ಷಕ್ಕೊಮ್ಮೆ, ಕೊಡೆ ಮಡಚುತ್ತ,
ಬೋನಿಫಾಸ್ ಕ್ರಾಸ್ತಾ.

ಮೊದಲ ಸಲ ಚೀಲದಲ್ಲಿ ಮುರಿದ ಹಂಚು.
"ಅಚ್ಚಿನಿಂದ ಬಿಡುವುದಿಲ್ಲ ಮಾರಾಯ, ಹಸಿ ಮಣ್ಣು
ತಾಯಿ ಸೆರಗು ಹಿಡಿದ ಮಗುವಿನ ಹಾಗೆ,
ಎಳೆದರೆ ಹರಿಯುತ್ತದೆ.
ಅಡಿಯಿಂದ ಒಂಚೂರು ಗಾಳಿ ಕೊಡಬೇಕು, ಇಷ್ಟೇ."
ತುಟಿ ಚೂಪು ಮಾಡಿ
ನನ್ನ ಮೇಜಿನ ಮೇಲಿನ ರಬ್ಬರಿನ ಪುಡಿ ಊದಿದರು.
ಅದು ಅವರ ಮೊದಲ ಪೇಟೆಂಟು.

ಹಂಚಿನವರು ಎಂದುಕೊಂಡೆ.
ಎರಡನೆಯ ಸಲ ಬಂದದ್ದು ಚಮಚ ಹಿಡಿದು:
ಅಂಗುಳ ಸೀಳಿ ಹುಟ್ಟಿದ ಕೂಸಿಗೆ, ಹಾಲು
ಮೂಗಿನಿಂದ ಹೊರಗೆ ಬಾರದ ಹಾಗೆ ಕುಡಿಸುವ ಚಮಚ.
ಕಂಕನಾಡಿಯ ನರ್ಸೊಬ್ಬಳು ಬಸ್ಸಿನಲ್ಲಿ ಪಕ್ಕ ಕೂತು ಅತ್ತಳಂತೆ.
ಮೂರನೆಯದು ಧಕ್ಕೆಯಿಂದ, ಮೀನಿನ ನಾತದ ಸಮೇತ:
ಬೋಟಿನ ವಿಂಚಿಗೆ ಬೆರಳು ಸಿಕ್ಕರೆ ತಾನಾಗಿ ಬೀಳುವ ಕೊಕ್ಕೆ.
ಇದನ್ನು ವಿವರಿಸುವಾಗ ಎಡಗೈಯ ಹೆಬ್ಬೆರಳನ್ನು
(ತುದಿ ಇರಲಿಲ್ಲ, ಹಂಚಿನ ಯಂತ್ರ ತಿಂದಿತ್ತು)
ಮೇಜಿನ ಕೆಳಗೆ ಇಟ್ಟುಕೊಂಡಿದ್ದರು.

ಆಮೇಲೆ ಮಳೆಗಾಲದಲ್ಲೂ ಶ್ರುತಿ ಇಳಿಯದ ಹಾರ್ಮೋನಿಯಂ.
ಮೇಳದ ಭಾಗವತರು ತಲೆದೂಗಿದರು, ಕೊಳ್ಳಲಿಲ್ಲ.
ಹಲಸಿನ ಮೇಣ ಹಿಡಿಯದ ಕತ್ತಿಗೆ ಚೆನ್ನೈಯ ಕಚೇರಿಯಿಂದ ಉತ್ತರ:
'ಸದರಿ ಸಂಗತಿ ಮೊದಲೇ ಲೋಕಕ್ಕೆ ಗೊತ್ತಿರುವಂಥದ್ದು.'
"ಹೌದು, ನನ್ನ ಅಜ್ಜಿಗೆ ಗೊತ್ತಿತ್ತು. ಇವರಿಗೆ ಯಾರು ಹೇಳಿದರು?"
ಎಂದು ನಕ್ಕು, ಎರಡು ಚಹಾ ತರಿಸಿದರು.

ಒಮ್ಮೆ ಕೇಳಿಯೇಬಿಟ್ಟೆ: ಒಂದನ್ನೇ ಹಿಡಿದು ಕೂತಿದ್ದರೆ
ಇಷ್ಟು ಹೊತ್ತಿಗೆ ನಿಮ್ಮದೂ ಒಂದು ಕಾರ್ಖಾನೆ ಆಗುತ್ತಿತ್ತಲ್ಲ?
ಅವರು ಕಿಟಕಿಯಿಂದ ಸಿಟಿ ಬಸ್ಸು ನೋಡುತ್ತಿದ್ದರು.
"ಆ ಕಂಡಕ್ಟರ್ ಬಾಗಿಲಿಗೆ ಎಷ್ಟು ಸಲ ಬಡಿಯುತ್ತಾನೆ, ನೋಡು,
ಸಂಜೆಗೆ ಅಂಗೈ ಬಾತಿರಬೇಕು."
ಅದು ಉತ್ತರವೋ, ಆರನೆಯ ಅರ್ಜಿಯೋ, ತಿಳಿಯಲಿಲ್ಲ.

ಹೋದ ಬುಧವಾರ ಅವರ ಮಗಳು ಬಂದಳು,
ಪತ್ರಿಕೆಗೆ ಕೊಡುವ ನಿಧನ ವಾರ್ತೆ ಹಿಡಿದು.
ಹೆಸರು, ಪ್ರಾಯ, ಜೆಪ್ಪುವಿನ ಮನೆ, ಬಲಿಪೂಜೆ ಎಷ್ಟು ಗಂಟೆಗೆ,
ಎಲ್ಲ ಬರೆದಾಗಿತ್ತು. ಹೆಸರಿನ ಕೆಳಗೆ ಮಾತ್ರ ಒಂದು ಖಾಲಿ.
"ಅಂಕಲ್, ಪಪ್ಪ ಏನಾಗಿದ್ದರು?"
ರೇಷನ್ ಕಾರ್ಡಿನಲ್ಲಿ 'ಇತರೆ' ಎಂದಿದೆಯಂತೆ.
ಸಿಕ್ಕಿದ ನಾಲ್ಕರಲ್ಲಿ ಮೂರು, ಶುಲ್ಕ ಕಟ್ಟದೆ ಸತ್ತಿವೆ.
ಚಮಚದ್ದು ಮಾತ್ರ ಪ್ರತಿ ವರ್ಷ ಕಟ್ಟುತ್ತಿದ್ದರು,
ಬಿಟ್ಟರೆ ಇನ್ಯಾರೋ ಹಿಡಿದು ಅದಕ್ಕೊಂದು ರೇಟು ಇಡುತ್ತಾರೆ ಎಂದು.

ನಾನು ಕಪಾಟು ತೆರೆದೆ. ಚಮಚದ ಹಾಳೆ, ಚಿತ್ರ ಮೂರು.
ಅಲ್ಲಿ ಮೊದಲು ಚಮಚ ಹಿಡಿದ ಕೈಯನ್ನೂ ಬರೆದಿದ್ದೆ
ಚುಕ್ಕೆಗೆರೆಯಲ್ಲಿ. ಹಕ್ಕು ಕೇಳದ ಭಾಗವನ್ನು
ಹಾಗೆ ಬರೆಯುವುದು ನಮ್ಮ ಕ್ರಮ.
ಎದುರಿಗಿದ್ದದ್ದು ಅವರದೇ ಕೈ, ಮೋಟು ಹೆಬ್ಬೆರಳು.
ಪರೀಕ್ಷಕರು ಕೇಳಿದ್ದರು:
'ಈ ಭಾಗಕ್ಕೆ ಸಂಖ್ಯೆ ಇಲ್ಲ. ಸಂಖ್ಯೆ ಕೊಡಿ, ಇಲ್ಲವೇ ತೆಗೆಯಿರಿ.'
"ತೆಗೆ ಮಾರಾಯ, ಕೈ ಯಾರದ್ದಾದರೂ ಆಗುತ್ತದೆ" ಎಂದಿದ್ದರು.
ಬ್ಲೇಡಿನಲ್ಲಿ ಕೆರೆದಿದ್ದೆ, ಒಂದಿಡೀ ಮಧ್ಯಾಹ್ನ.

ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆವು,
ಒಂದು ತುದಿ ಅವಳು, ಒಂದು ನಾನು.
ಶಾಯಿ ಇಲ್ಲ. ಕೆರೆದಲ್ಲಿ ಕಾಗದ ತೆಳ್ಳಗಾಗಿ
ಬೆಳಕು ತುಸು ಹೆಚ್ಚು ಬರುತ್ತಿತ್ತು
ಐದು ಬೆರಳಿನಷ್ಟಗಲ, ಒಂದು ಗಿಡ್ಡ.

ಖಾಲಿ ಜಾಗವನ್ನು ಹಾಗೇ ಬಿಟ್ಟು
ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.
ಶುಕ್ರವಾರದ ಪತ್ರಿಕೆಯಲ್ಲಿ 'ನಿವೃತ್ತ ನೌಕರ'
ಎಂದು ಅಚ್ಚಾಗಿತ್ತು.